ರೋಗ ಹಬ್ಬಿದಂಗ ನಮ್ಮ ಲೆಕ್ಕಾನೂ ಬದಲಾಗ್ಬೇಕು

ಕೋವಿಡ್‌ನಂಥ ಮಹಾಮಾರಿ ಬಂದಾಗ ತಿಂಗಳಿಗೊಂದು ಮಾತಾಡ್ತಾರ ಅಂತ ಡಾಕ್ಟರಿಗೂ ಸರ್ಕಾರಕ್ಕೂ ಬೈಯೋರು ಭಾಳ ಮಂದಿ ಅದಾರ. ಮೊದ್ಲು ಏನೂ ಆಗಲ್ಲ ಅಂದ್ರಿ, ಆಮ್ಯಾಲ ಮನಿ ಬಿಟ್ಟು ಬರಬ್ಯಾಡ್ರಿ ಅಂದ್ರಿ, ಈಗ ಮಾಸ್ಕೂ ಬ್ಯಾಡ ಅಂತೀರಿ, ಯಾವ್ದು ಖರೇ ಅಂತ. ನನಗನಿಸೋದು, ಇಂಥಾ ರೋಗದಾಗ ಹಿಡಿದ ಮಾತು ಬಿಡದೇ ಕೂಡೋದೇ ದೊಡ್ಡ ಅಪಾಯ, ಯಾಕಂದ್ರ ರೋಗಾನೂ ಇದ್ದಲ್ಲೇ ಇರಲ್ಲ, ಅದರ ಬಗ್ಗೆ ನಮಗ ಗೊತ್ತಿರೋದೂ ಇದ್ದಷ್ಟೇ ಇರಲ್ಲ. ಪ್ರಶ್ನೆ ಇರೋದು ಏನು ನೋಡಿ ಮನಸ್ಸು ಬದಲಾಯಿಸ್ಬೇಕು ಅನ್ನೋದ್ರಾಗ.

ನಮ್ಮ ಕಲಬುರಗಿನೇ ತಗೊಳ್ರಿ. 2020ರ ಜನವರಿ 30ಕ್ಕ ಕೇರಳದಾಗ ದೇಶದ ಮೊದಲ ಕೇಸ್ ಸಿಕ್ತು, ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಪರಿಸ್ಥಿತಿ ಅಂತ ಘೋಷಿಸ್ತು, ಆದ್ರ ನಮ್ಮ ಕಡಿ ಅದು ಬರೇ ಟಿವಿ ಸುದ್ದಿ. ಸೌದಿಯಿಂದ ಫೆಬ್ರವರಿ 29ಕ್ಕ ವಾಪಸ್ ಬಂದಿದ್ದ ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ಕ್ಕ ತೀರಿಕೊಂಡ್ರು, ಕೋವಿಡ್ ಅಂತ ಖಾತ್ರಿ ಆಗಿದ್ದು ಮಾರ್ಚ್ 12ಕ್ಕ. ದೇಶದ ಮೊದಲ ಕೋವಿಡ್ ಸಾವು ಅದು. ಒಂದೇ ರಾತ್ರಿಯಾಗ ಊರಿನ ಮನಸ್ಸೇ ತಿರುಗಿತು. ಆದ್ರ ನೋಡ್ರಿ, 11ನೇ ತಾರೀಖಿಗೂ 13ಕ್ಕೂ ಊರಾಗ ವೈರಸ್ ಏನು ಹತ್ತು ಪಟ್ಟು ಆಗಿರಲಿಲ್ಲ, ಬದಲಾಗಿದ್ದು ನಮ್ಮ ತಿಳುವಳಿಕಿ. ಕಣ್ಣಿಗೆ ಕಂಡಿದ್ದು, ತಮ್ಮೂರಾಗ ಆಗಿದ್ದು ಮನಸ್ಸಿಗೆ ದೊಡ್ಡದಾಗಿ ಕಾಣ್ತದ, ದೂರದ್ದು ಸಣ್ಣದಾಗಿ ಕಾಣ್ತದ. ಅಮೋಸ್ ಟ್ವರ್ಸ್ಕಿ, ಡೇನಿಯಲ್ ಕಾನ್‌ಮನ್ ಅನ್ನೋ ಮನೋವಿಜ್ಞಾನಿಗಳು 1973ರಾಗೇ ಈ ಸ್ವಭಾವದ ಬಗ್ಗೆ ಬರದಾರ: ಲಗೂನ ನೆನಪಿಗೆ ಬರೋ ಘಟನೆ ಹೆಚ್ಚು ನಡೀತದ ಅಂತ ಮನುಷ್ಯ ಅಂದಾಜು ಮಾಡ್ತಾನ.

ಹಂಗಂತ ಆವಾಗಿನ ಗಾಬರಿಗೆ ಯಾರೂ ನಗಬಾರದು. ಅಮೆರಿಕದ ಪೀಟರ್ ಸ್ಯಾಂಡ್‌ಮನ್ ಅನ್ನೋ, ಅಪಾಯದ ಬಗ್ಗೆ ಮಂದಿಗೆ ಹೆಂಗ ತಿಳಿಸಬೇಕು ಅನ್ನೋದ್ರ ತಜ್ಞರು ಇದಕ್ಕ ಅಡ್ಜಸ್ಟ್‌ಮೆಂಟ್ ರಿಯಾಕ್ಷನ್ ಅಂತಾರ. ಹೊಸ ಅಪಾಯ ಗೊತ್ತಾದಾಗ ಸ್ವಲ್ಪ ದಿನ ಅತಿಯಾಗಿ ಎಚ್ಚರ ಆಗ್ತೀವಿ, ಆಮ್ಯಾಲ ತಹಬಂದಿಗೆ ಬರ್ತೀವಿ, ಆ ಹೆದರಿಕಿ ದಾಟಿದವರೇ ಮುಂದ ತಯಾರಿ ಮಾಡ್ಕೋತಾರ.

ಆದ್ರ ಕಣ್ಣಿಗೆ ಕಾಣೋ ತನಕ ಕಾಯೋದು ಯಾಕ ನಡಿಯಲ್ಲ ಅಂದ್ರ ಲೆಕ್ಕ ಹಂಗದ. ಒಬ್ಬರಿಂದ ಶುರು ಮಾಡಿ ಮೂರು ದಿನಕ್ಕೊಮ್ಮೆ ಕೇಸ್ ಡಬಲ್ ಆಗ್ತಾವ ಅಂತ ಇಟ್ಕೊಳ್ರಿ. ಮೂವತ್ತನೇ ದಿನಕ್ಕ 1,024. 2011ರ ಜನಗಣತಿ ಪ್ರಕಾರ ಕಲಬುರಗಿ ನಗರದ ಜನಸಂಖ್ಯೆ ಸುಮಾರು 5.3 ಲಕ್ಷ, ಅಂದ್ರ ಒಂದು ತಿಂಗಳಾದ್ರೂ ಐನೂರು ಮಂದ್ಯಾಗ ಒಬ್ಬರಿಗೆ, ನಮ್ಮ ಓಣ್ಯಾಗ ಯಾರಿಗೂ ಇಲ್ಲಪಾ ಅಂತ ಯಾರಾದ್ರೂ ಆರಾಮ ಹೇಳ್ಬಹುದು. ಅದೇ ಓಟ ನಡದ್ರ 57ನೇ ದಿನಕ್ಕ 5,24,288, ಹತ್ತಿರ ಹತ್ತಿರ ಇಡೀ ಊರು. ಖರೇ ಅಂದ್ರ ಹಂಗೇ ನೆಟ್ಟಗ ಏರೋದಿಲ್ಲ, ಮಂದಿ ಹೆದರಿ ಮನ್ಯಾಗ ಕೂಡ್ತಾರ, ಕೆಲವರಿಗೆ ರೋಗ ಬಂದು ಹೋಗಿರ್ತದ, ಓಟ ನಿಧಾನ ಆಗ್ತದ. ಆದ್ರ ಶುರುವಿನ ದಿನದಾಗ ಈ ಲೆಕ್ಕಾನೇ ನಡೀತದ, ನಮ್ಮ ತಲಿ ಮಾತ್ರ ಕೂಡಿಸೋ ಲೆಕ್ಕಾನೇ ಮಾಡ್ತಿರ್ತದ.

ಇದ್ರ ಮ್ಯಾಲ ತಡಾ ಬ್ಯಾರೆ. ಮೊದಲ ತಳಿಯಾಗ ಸೋಂಕು ತಗುಲಿ ಲಕ್ಷಣ ಕಾಣ್ಲಿಕ್ಕೆ ಸರಾಸರಿ ಐದು ದಿನ, ಕೆಲವರಿಗೆ ಹದಿನಾಲ್ಕು. ಲಕ್ಷಣ ಕಾಣೋಕಿಂತ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹತ್ತಿಸ್ತಾರ. ಸಾವಾಗೋದಿದ್ರ ಅದಕ್ಕ ಮತ್ತ ವಾರಗಟ್ಟಲೇ ಹಿಡೀತದ. ಹಂಗಾಗಿ ಇವತ್ತಿನ ಸಾವಿನ ಸಂಖ್ಯೆ ಎರಡು ಮೂರು ವಾರದ ಹಿಂದಿನ ಊರಿನ ಹಾಲತ್ತು ತೋರಿಸ್ತದ. ಒಟ್ಟು ಎಷ್ಟಾಯ್ತು ಅಂತ ಕೇಳೋದಕ್ಕಿಂತ ಎಷ್ಟು ದಿನಕ್ಕ ಡಬಲ್ ಆಗ್ಲತ್ತಾವ, ನೂರು ಟೆಸ್ಟಿನ್ಯಾಗ ಎಷ್ಟು ಪಾಸಿಟಿವ್ ಅಂತ ಕೇಳಿದ್ರ ಬೇಗ ತಿಳೀತದ. ನಿರ್ಬಂಧ ಸಡಿಲ ಮಾಡೋಕಿಂತ ಮೊದಲು ಪಾಸಿಟಿವ್ ಪ್ರಮಾಣ ಎರಡು ವಾರ ಶೇ. 5ಕ್ಕಿಂತ ಕಡಿಮಿ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಾಗ ಹೇಳಿತ್ತು.

ಇನ್ನು ರೋಗ ಹೆಂಗ ಹರಡ್ತದ ಅನ್ನೋ ತಿಳುವಳಿಕಿ. ಮೊದಲ ಬ್ಯಾಸಿಗಿಯಾಗ ನಮ್ಮ ಚಿಗವ್ವ ಕೊತಂಬರಿ, ಮೆಂತ್ಯಾ ಎಲ್ಲಾ ಉಪ್ಪು ಅರಿಶಿಣ ಹಾಕಿದ ನೀರಿನ ಬುಟ್ಟಿಯಾಗ ಮುಳುಗಿಸಿ, ಹಾಲಿನ ಪಾಕೀಟು ಸಾಬೂನು ಹಚ್ಚಿ ತೊಳೆದು, ನೋಟು ಮಾಳಿಗಿ ಮ್ಯಾಲ ಬಿಸಲಿಗೆ ಹರವಿ ಮ್ಯಾಲ ಒಂದೊಂದು ಹಳ್ಳು ಇಡ್ತಿದ್ದಳು. ಅಷ್ಟು ಮುತುವರ್ಜಿ. ಮಧ್ಯಾಹ್ನ ಆದ್ರ ಬಿಸಿಗಾಳಿ ಬರ್ತದಂತ ಕಿಟಕಿ ಬಾಗಿಲಾ ಬಂದ್ ಮಾಡಿ ನಡುಮನ್ಯಾಗ ಕೂಲರ್ ಹಚ್ಚಿ ಎಲ್ಲಾರೂ ಒಂದೇ ಕಡಿ ಮಲಗೋದು. 2020ರ ಮಾರ್ಚ್‌ನಾಗ ವಿಶ್ವ ಆರೋಗ್ಯ ಸಂಸ್ಥೆನೇ ಇದು ಗಾಳಿಯಿಂದ ಹರಡಲ್ಲ ಅಂದಿತ್ತು, ಚಿಗವ್ವ ಏನು ಮಾಡ್ಯಾಳು. ಆಮ್ಯಾಲ ಸಾಕ್ಷಿ ಕೂಡಿದಂಗ ಗೊತ್ತಾಗಿದ್ದು, ಉಸಿರಿನ ಜೋಡಿ ಹೊರಗ ಬರೋ ಸಣ್ಣ ಹನಿ ಬಂದ್ ಖೋಲ್ಯಾಗ ತಾಸುಗಟ್ಟಲೇ ತೇಲ್ತಾವ, ಸಾಮಾನು ಮುಟ್ಟಿದ್ರ ಹತ್ತೋ ಸಾಧ್ಯತೆ ಅದಕ್ಕಿಂತ ಭಾಳ ಕಡಿಮಿ. ಕೂಲರನ್ನ ಕಿಟಕಿಯಾಗ ಕೂಡಿಸಿ ಎದುರಿನ ಬಾಗಿಲಾ ತೆರದಿಟ್ರ ಅದು ಹೊರಗಿನ ಗಾಳಿ ಎಳೆದು ಒಳಗಿನದ್ದು ಹೊರಗ ತಳ್ತದ, ತಂಪೂ ಜಾಸ್ತಿ ಆಗ್ತದ. ಅದೇ ಕೂಲರ್ ಖೋಲಿ ಒಳಗೇ ಇದ್ರ ಅದೇ ಗಾಳಿ ತಿರುಗಾಡ್ತದ. ಇಷ್ಟು ಸಣ್ಣ ಮಾತು ಮನಿ ಮನಿಗೆ ಮುಟ್ಟಿಸಬೇಕಾಗಿತ್ತು, ಮುಟ್ಟಲಿಲ್ಲ ಅನ್ನೋದು ನನಗ ಈಗಲೂ ಸಂಕಟ.

ಯಾದಗಿರಿ ಕಥಿ ಬ್ಯಾರೆ. 2020ರ ಮೇ ನಡುವಿನ ತನಕ ಒಂದೂ ಕೇಸ್ ಇಲ್ಲದ ಜಿಲ್ಲೆ, ಹಸಿರು ವಲಯ. ಮುಂಬೈ, ಪುಣೆಗೆ ದುಡೀಲಿಕ್ಕೆ ಗುಳೆ ಹೋದವರು ವಾಪಸ್ ಬಂದ ಮ್ಯಾಲ ಸಂಖ್ಯೆ ಜೋರಾಗಿ ಏರ್ತು. ಮಂದಿ ಮಾತು "ನಮ್ಮಲ್ಲಿ ಏನಿಲ್ಲ" ಅನ್ನೋದ್ರಿಂದ "ಇವರೇ ತಂದ್ರು" ಅನ್ನೋದಕ್ಕ ಜಿಗೀತು. ಇದೂ ಮನಸ್ಸು ಬದಲಾಗಿದ್ದೇ, ಆದ್ರ ತಪ್ಪು ದಾರಿಗೆ. ಬೈಸಿಕೊಳ್ಳೋ ಹೆದರಿಕಿ ಇದ್ರ ಮನುಷ್ಯ ಜ್ವರ ಮುಚ್ಚಿಡ್ತಾನ, ಟೆಸ್ಟಿಗೆ ಬರಲ್ಲ, ರೋಗಕ್ಕ ಅದೇ ಬೇಕು. ಕೂಲಿ ಇಲ್ದೇ, ಅನ್ನ ಇಲ್ದೇ ಬಂದವರು ಅವರು, ನಮ್ಮವರೇ.

2021ರ ಶುರುವಿನ್ಯಾಗ ಉಲ್ಟಾ ಆಯ್ತು. ಕೇಸ್ ಇಳದಿದ್ವು, ಜನವರಿ 16ಕ್ಕ ಲಸಿಕಿ ಶುರು ಆಗಿತ್ತು, ಮದುವಿ ಮುಂಜಿವಿ ತುಂಬಿ ತುಳುಕಿದ್ವು. ರೂಢಿ ಆದ ಅಪಾಯ ಸಣ್ಣದು ಅನಿಸ್ತದ, ಅದು ಖರೇನೇ ಸಣ್ಣದಾಗ್ಯಾದೋ ಇಲ್ಲೋ ಯಾರೂ ನೋಡಲ್ಲ. ಬಂದಿದ್ದು ಡೆಲ್ಟಾ, ಮೊದಲಿನದ್ದಕ್ಕಿಂತ ಎರಡು ಪಟ್ಟು ಹತ್ರ ಹತ್ರ ವೇಗವಾಗಿ ಹತ್ತೋ ತಳಿ. ಮೇ ಮೊದಲ ವಾರಕ್ಕ ದೇಶದಾಗ ದಿನಕ್ಕ 4 ಲಕ್ಷ ಮ್ಯಾಲ ಕೇಸ್. ನಮ್ಮ ಕಡಿ ಬಿಸಲಿಗೆ ವೈರಸ್ ಬದುಕಲ್ಲ ಅನ್ನೋ ಮಾತು ಆ ಸುಡು ಬ್ಯಾಸಿಗಿಯಾಗೇ ಸುಳ್ಳಾಯ್ತು, ಹೊರಗ 42 ಡಿಗ್ರಿ ಇದ್ರೂ ಮನುಷ್ಯನ ಮೈ ಒಳಗ 37 ಇರ್ತದಲ್ಲ.

ಹೆದರಿಕಿ ಇಳಿಸೋದಕ್ಕೂ ಕಾರಣ ಬೇಕು, ಆ ಕಾರಣ ಆಮ್ಯಾಲ ಬಂತು. ಲಸಿಕಿಯಿಂದಲೋ ರೋಗ ಬಂದು ಹೋಗಿಯೋ ಹೆಚ್ಚಿನವರ ಮೈಗೆ ವೈರಸ್ಸಿನ ಗುರುತು ಸಿಕ್ತು, ಡೆಲ್ಟಾ ಆದ ಮ್ಯಾಲ ಬಂದ ಓಮಿಕ್ರಾನ್ ತಳಿ ಬಹಳ ಮಂದಿಗೆ ಹತ್ತಿದ್ರೂ ಸಾವಿನ ಪ್ರಮಾಣ ಕಡಿಮಿ ಇತ್ತು. 2023ರ ಮೇ 5ಕ್ಕ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗೀತು ಅಂದಾಗ, ರೋಗ ಹೋಗ್ಯಾದ ಅಂತ ಮಾತ್ರ ಅನ್ನಲಿಲ್ಲ. ಈಗ ನಮ್ಮಂಥವರು ಮಾಸ್ಕ್ ಇಲ್ದೇ ಸೂಪರ್ ಮಾರ್ಕೆಟ್‌ನಾಗ ಸಂತಿ ಮಾಡೋದು ತಪ್ಪೇನಲ್ಲ. ಮನ್ಯಾಗ ಸಕ್ಕರಿ ಕಾಯಿಲೆ ಇರೋ ಎಪ್ಪತ್ತು ದಾಟಿದ ಹಿರಿಯರಿದ್ದು, ನಿಮಗ ಕೆಮ್ಮು ಜ್ವರ ಬಂದಿದ್ರ ಆ ವಾರ ನಿಮ್ಮ ಲೆಕ್ಕ ಬ್ಯಾರೆ: ಅವರ ಖೋಲ್ಯಾಗ ಹೋಗುವಾಗ ಮಾಸ್ಕ್ ಹಾಕ್ರಿ, ಕಿಟಕಿ ತೆರದಿಡ್ರಿ.