ಬೆಳಕಿಗಿಂತ ಮೊದಲು ಬಂದ ಸುದ್ದಿ

ಕುಂಬಳೆ ಜಾತ್ರೆಯ ಬೆಡಿಯನ್ನು (ಸಿಡಿಮದ್ದು) ದೂರದ ಗುಡ್ಡೆಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಮೊದಲು ಬೆಳಕು, ಆಮೇಲೆ ಸದ್ದು. ವೇಗ ಜಾಸ್ತಿ ಇದ್ದದ್ದು ಮೊದಲು ತಲುಪುತ್ತದೆ. 1987ರ ಸೂಪರ್‌ನೋವಾ (ದೊಡ್ಡ ನಕ್ಷತ್ರವೊಂದರ ಸ್ಫೋಟ) ವಿಷಯ ಬಂದಾಗಲೂ ಹಲವರು ಇದೇ ಲೆಕ್ಕ ಹಾಕುತ್ತಾರೆ. ನ್ಯೂಟ್ರಿನೊ (ಎಲ್ಲವನ್ನೂ ಸಲೀಸಾಗಿ ದಾಟಿ ಹೋಗುವ ಅತಿ ಹಗುರ ಕಣ) ಮೊದಲು ಬಂತು, ಬೆಳಕು ಆಮೇಲೆ ಬಂತು, ಹಾಗಾದರೆ ನ್ಯೂಟ್ರಿನೊ ಬೆಳಕಿಗಿಂತ ವೇಗ ಅಲ್ವಾ? ಅಲ್ಲವೇ ಅಲ್ಲ. ನಿಜ ಸಂಗತಿ ಇದಕ್ಕಿಂತ ಎಷ್ಟೋ ಚಂದ.

ಆ ನಕ್ಷತ್ರ ಇದ್ದದ್ದು ದೊಡ್ಡ ಮೆಗೆಲ್ಲಾನಿಕ್ ಮೋಡ ಎಂಬ ಪಕ್ಕದ ಗ್ಯಾಲಕ್ಸಿಯಲ್ಲಿ, ಸುಮಾರು 1,68,000 ಜ್ಯೋತಿರ್ವರ್ಷ ದೂರ. ಕಾಸರಗೋಡಿನಿಂದ ನೋಡಿದರೆ ಆ ಜಾಗ ತೆಂಕು ದಿಕ್ಕಿನಲ್ಲಿ ಹೆಚ್ಚೆಂದರೆ 8 ಡಿಗ್ರಿ ಮೇಲೇರುತ್ತದೆ. ಫೆಬ್ರವರಿ 23ರಂದು ಜಪಾನಿನ ಕಾಮಿಯೊಕಾಂಡೆ, ಅಮೆರಿಕದ ಐಎಂಬಿ, ಸೋವಿಯತ್ ಒಕ್ಕೂಟದ ಬಕ್ಸಾನ್, ಈ ಮೂರೂ ಪತ್ತೆಕೇಂದ್ರಗಳಲ್ಲಿ ಒಟ್ಟು ಸುಮಾರು 25 ನ್ಯೂಟ್ರಿನೊ ಸಿಕ್ಕಿದವು. ಅದೂ ಹತ್ತು ಹನ್ನೆರಡು ಸೆಕೆಂಡಿನೊಳಗೆ. ಆಗ ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಚಿಲಿಯಲ್ಲಿ ಇಯಾನ್ ಶೆಲ್ಟನ್ ಹೊಸ ಚುಕ್ಕೆ ಕಂಡು ಸುದ್ದಿ ಹಬ್ಬಿದ ಮೇಲೆ ಹಳೆಯ ದಾಖಲೆ ಹುಡುಕಿ ನೋಡಿದರು. ಬೆಳಕು ಹೆಚ್ಚಿದ್ದನ್ನು ತೋರಿಸುವ ಮೊದಲ ಫೋಟೊ ನ್ಯೂಟ್ರಿನೊ ಬಂದು ಸುಮಾರು 3 ಗಂಟೆಯ ನಂತರದ್ದು.

ಈ 3 ಗಂಟೆ ಎಲ್ಲಿ ಹೋಯಿತು? ನಕ್ಷತ್ರದ ಒಳಗೇ. ಅದರ ನಡುವಿನ ಕಬ್ಬಿಣದ ತಿರುಳು ಸೂರ್ಯನಿಗಿಂತ ಭಾರ, ಗಾತ್ರ ಮಾತ್ರ ಭೂಮಿಯಷ್ಟು. ಅದು ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ. ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಸೇರಿ ನ್ಯೂಟ್ರಾನ್ ಆಗುತ್ತವೆ, ಜೊತೆಗೆ ನ್ಯೂಟ್ರಿನೊ ಹುಟ್ಟುತ್ತದೆ. ಆ ತಿರುಳು ಎಷ್ಟು ಒತ್ತಾಗಿರುತ್ತದೆ ಎಂದರೆ, ಯಾವುದಕ್ಕೂ ತಡೆಯದ ನ್ಯೂಟ್ರಿನೊಗಳೂ ಅಲ್ಲಿ ಕೆಲವು ಸೆಕೆಂಡು ಸಿಕ್ಕಿಬೀಳುತ್ತವೆ. ಆ ಹತ್ತು ಹನ್ನೆರಡು ಸೆಕೆಂಡಿನ ಗುಟ್ಟು ಇದೇ. ಆಮೇಲೆ ಉಳಿದ ಪದರಗಳನ್ನು ಸಲೀಸಾಗಿ ದಾಟಿ ಹೊರಗೆ ಬರುತ್ತವೆ. ಸ್ಫೋಟದ ಶಕ್ತಿಯಲ್ಲಿ ಸುಮಾರು 99% ಇವುಗಳ ಜೊತೆಗೇ ಹೋಗುತ್ತದೆ! ಬೆಳಕಿಗೆ ಆ ಭಾಗ್ಯ ಇಲ್ಲ. ಒಳಗಿಂದ ಹೊರಟ ಆಘಾತದ ಅಲೆ ಪದರಗಳನ್ನು ಸೀಳುತ್ತಾ ಮೇಲ್ಮೈ ಮುಟ್ಟಲು ಗಂಟೆಗಟ್ಟಲೆ ಬೇಕು. ಅಲ್ಲಿವರೆಗೆ ಹೊರಗಿನಿಂದ ನಕ್ಷತ್ರ ಎಂದಿನಂತೆಯೇ ಇರುತ್ತದೆ. ಓಟದಲ್ಲಿ ಬೆಳಕು ಸೋಲಲಿಲ್ಲ, ಹೊರಟದ್ದೇ ತಡವಾಗಿ.

ಕಾಮಿಯೊಕಾಂಡೆಯನ್ನು ಕಟ್ಟಿದ್ದು ಇದಕ್ಕಲ್ಲ, ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಅದೇ ಹುಡುಕಾಟ ನಡೆದಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲೇ ಅಲ್ಲಿ ಸಿಕ್ಕಿತ್ತು. ಇದು ನಮ್ಮ ಶಾಲೆಯ ಪ್ರತಿ ಮಗುವಿಗೂ ಗೊತ್ತಿರಬೇಕು.

2019ರ ಕೊನೆಗೆ ಆರ್ದ್ರಾ ನಕ್ಷತ್ರ (ಬೆಟೆಲ್‌ಗೀಸ್) ಮಂಕಾದಾಗ ಗಂಡಾಂತರದ ಮಾತು ಕೇಳಿ ಬೇಜಾರಾಗಿತ್ತು. ಮಂಕಾದದ್ದು ಅದೇ ಉಗುಳಿದ ಧೂಳಿನಿಂದ. ಅದು ಸಿಡಿದರೂ ನಮಗೆ ಕೇಡಿಲ್ಲ, 500 ಜ್ಯೋತಿರ್ವರ್ಷಕ್ಕಿಂತ ದೂರ ಇದೆ. ಸುಮ್ನೆ ಹೆದರುವ ಬದಲು ಕಾಯಬೇಕು. ಈಗ ಹಲವು ದೇಶಗಳ ನ್ಯೂಟ್ರಿನೊ ಪತ್ತೆಕೇಂದ್ರಗಳು ಸೇರಿ ಎಚ್ಚರಿಕೆಯ ಜಾಲ ಮಾಡಿಕೊಂಡಿವೆ. ಆರ್ದ್ರಾದಂಥ ಉಬ್ಬಿದ ನಕ್ಷತ್ರದಲ್ಲಿ ಅಲೆ ಮೇಲೆ ಬರಲು ಸುಮಾರು ಒಂದು ದಿನ ಹಿಡಿಯುತ್ತದೆ. ದೂರದರ್ಶಕಗಳನ್ನು ಅತ್ತ ತಿರುಗಿಸಿ, ಮೇಲ್ಮೈ ಒಡೆಯುವ ಮೊದಲ ನಿಮಿಷವನ್ನೇ ಹಿಡಿಯಲು ಅಷ್ಟು ಹೊತ್ತು ಸಾಕು.