ಸಕ್ಕರೆ ಬಿಟ್ಟಿದ್ದೀರಿ, ಸರಿ. ಗಂಜಿ ಎಷ್ಟು?

"ಸಕ್ಕರೆ ಮುಟ್ಟದೆ ಆರು ತಿಂಗಳಾಯ್ತು ಡಾಕ್ಟ್ರೇ, ಮತ್ತೆ ಶುಗರ್ ಯಾಕೆ ಏರ್ತದೆ?"

ಬದಿಯಡ್ಕದ ನನ್ನ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಬಾರದ ವಾರವಿಲ್ಲ. ಮೊನ್ನೆ ಕೇಳಿದವರು ಒಬ್ಬರು ನಿವೃತ್ತ ಮಾಷ್ಟ್ರು. ಚಹಾ ಸಪ್ಪೆ, ಪಾಯಸ ಬಂದರೆ ಎಲೆಗೆ ಕೈ ಅಡ್ಡ, ಮಧೂರು ದೇವಸ್ಥಾನದ ಪ್ರಸಾದ, ಸಿಹಿ ಅಪ್ಪ ಸಿಕ್ಕರೂ ಕಣ್ಣಿಗೊತ್ತಿ ಮೊಮ್ಮಗನಿಗೆ. ಗಂಜಿ ಎಷ್ಟು ಮಾಷ್ಟ್ರೇ ಅಂದೆ. "ಬೆಳಿಗ್ಗೆ ಎರಡು ಬಟ್ಟಲು, ರಾತ್ರಿ ಎರಡು. ಅದರಲ್ಲಿ ಎಂತ ಸಕ್ಕರೆ ಉಂಟು? ಉಪ್ಪು ಹಾಕಿಯಲ್ವಾ ಉಣ್ಣೋದು!"

ಎಲ್ಲರೂ ಎಡವುವುದು ಇಲ್ಲೇ. ಅಕ್ಕಿಯ ಮುಕ್ಕಾಲು ಪಾಲು ಪಿಷ್ಟ. ಪಿಷ್ಟ ಅಂದರೆ ಗ್ಲೂಕೋಸಿನದೇ ಮಾಲೆ, ಒಂದೊಂದರಲ್ಲಿ ನೂರಾರು, ಸಾವಿರಾರು ಗ್ಲೂಕೋಸ್. ಎರಡು ಗ್ಲೂಕೋಸ್ ಕೊಂಡಿ ಹಾಕಿಕೊಳ್ಳುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಉಂಡ ಮೇಲೆ ಎಂಜಲಿನಲ್ಲಿ, ಕರುಳಿನಲ್ಲಿ ಆ ನೀರು ವಾಪಸ್ ಸೇರಿ ಕೊಂಡಿಗಳು ಬಿಚ್ಚುತ್ತವೆ, ರಕ್ತಕ್ಕೆ ಇಳಿಯುವುದು ಬಿಡಿ ಗ್ಲೂಕೋಸ್. ಟೆಸ್ಟಿನಲ್ಲಿ ಶುಗರ್ ಅಂತ ಅಳೆಯುವುದು ಇದನ್ನೇ. ಮಾಲೆಯಾಗಿದ್ದಾಗ ನಾಲಿಗೆಗೆ ಸಿಹಿ ಹತ್ತುವುದಿಲ್ಲ, ಅಷ್ಟೇ. ನೀವು ಬೈಯುವ ಸಕ್ಕರೆಯಲ್ಲಿ ಗ್ಲೂಕೋಸ್ ಅರ್ಧವೇ, ಇನ್ನರ್ಧ ಫ್ರುಕ್ಟೋಸ್. ಪಿಷ್ಟ ಮಾತ್ರ ಪೂರ್ತಿ ಗ್ಲೂಕೋಸ್!

ನಂಬಿಕೆ ಬರದಿದ್ದರೆ ಬರೀ ಅನ್ನ ಒಂದು ತುತ್ತು ಬಾಯಿಗೆ ಹಾಕಿ, ನುಂಗದೆ ಎರಡು ನಿಮಿಷ ಜಗಿಯಿರಿ. ಮೆಲ್ಲ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಮಾಲೆಯನ್ನು ತುಂಡರಿಸಿ ಮಾಲ್ಟೋಸ್ ಮಾಡಿದ್ದು ಅದು, ಎರಡು ಗ್ಲೂಕೋಸಿನ ಜೋಡಿ. ಇನ್ನು ಅಟ್ಟದಲ್ಲಿ ತೂಗು ಹಾಕಿದ ಬಾಳೆಗೊನೆ ನೋಡಿ. ಕಾಯಿ ಇದ್ದಾಗ ಸಪ್ಪೆ, ನಾಲ್ಕು ದಿನ ಕಳೆದರೆ ಸಿಹಿ. ಯಾರಾದರೂ ಹೋಗಿ ಸಕ್ಕರೆ ಸುರಿದರಾ? ಅದರ ಪಿಷ್ಟವೇ ಒಡೆದು ಸಕ್ಕರೆಯಾಯಿತು.

ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ನಾರು ಕೂಡ ಗ್ಲೂಕೋಸ್ ಮಾಲೆಯೇ ಅಂದರೆ ಮಾಷ್ಟ್ರು ನಕ್ಕರು. ಆದರೆ ನಿಜ. ಅದು ಸೆಲ್ಯುಲೋಸ್. ಕೊಂಡಿ ಕೂತ ರೀತಿ ಬೇರೆ, ನಮ್ಮ ಅಮೈಲೇಸಿಗೆ ಅದು ಬಿಚ್ಚಲು ಬರುವುದಿಲ್ಲ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಬರುತ್ತದೆ, ಹಾಗಾಗಿ ಹಾಳೆ ದನಕ್ಕೆ, ಗಂಜಿ ನಮಗೆ.

ಸಕ್ಕರೆಗಿಂತ ಬೆಲ್ಲ ಒಳ್ಳೇದಲ್ವಾ ಅನ್ನುವ ಬೆಲ್ಲದ ವಕೀಲರೂ ಬರುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಖನಿಜ ಇದೆ, ಒಪ್ಪೋಣ, ಆದರೆ ಬಹುಪಾಲು ಅದೇ ಸುಕ್ರೋಸ್, ಅಂದರೆ ನೀವು ಬಿಟ್ಟ ಸಕ್ಕರೆಯೇ.

ಹಾಗಂತ ನಾಳೆಯಿಂದಲೇ ಗಂಜಿ ಬಿಡಬೇಡಿ, ನಾನು ಹಾಗೆ ಹೇಳಲೇ ಇಲ್ಲ. ಕುಚ್ಚಲಕ್ಕಿ ಸಾಮಾನ್ಯವಾಗಿ ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಗಿಂತ ನಿಧಾನವಾಗಿ ಶುಗರ್ ಏರಿಸುತ್ತದೆ, ಆದರೆ ಬೇಯಿಸಿದ ಹದ, ತಿಂದ ಪ್ರಮಾಣ, ಅವರವರ ದೇಹ ನೋಡಿ ಲೆಕ್ಕ ಬದಲಾಗುತ್ತದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಸುಮ್ನೆ ಊಟ ಕಡಿಮೆ ಮಾಡಿದರೆ ಶುಗರ್ ಇಳಿದು ತಲೆ ತಿರುಗಿ ಬೀಳಬಹುದು. ನಿಮ್ಮ ಡಾಕ್ಟರನ್ನು ಕೇಳಿಯೇ ಕಡಿಮೆ ಮಾಡಿ.

ಮಾಷ್ಟ್ರಿಗೆ ಒಂದು ಬಟ್ಟಲು ಗಂಜಿ, ಜೊತೆಗೆ ಹೆಸರುಕಾಳಿನ ಪಲ್ಯ ಜಾಸ್ತಿ ಅಂತ ಬರೆದುಕೊಟ್ಟೆ. ಚೀಟಿ ಮಡಚಿ ಬಾಗಿಲ ತನಕ ಹೋದವರು ತಿರುಗಿ ನಿಂತರು.

"ಹಲಸಿನ ಹಪ್ಪಳ ಲೆಕ್ಕಕ್ಕೆ ಬರ್ತದಾ ಡಾಕ್ಟ್ರೇ?"

"ಬರ್ತದೆ ಮಾಷ್ಟ್ರೇ."