ಬೀದಿಯ ಮಗು ಮನೆ ಸೇರುವ ದಾರಿ

ಥಾಮಸ್ ಬರ್ನಾರ್ಡೊ 1870ರಲ್ಲಿ ಲಂಡನ್ನಿನ ಸ್ಟೆಪ್ನಿಯಲ್ಲಿ ನಿರ್ಗತಿಕ ಹುಡುಗರಿಗಾಗಿ ಆಶ್ರಯಧಾಮ ತೆರೆದರು. ಒಂದು ರಾತ್ರಿ ಹಾಸಿಗೆಗಳೆಲ್ಲ ತುಂಬಿದ್ದವು. ಜಾಗವಿಲ್ಲವೆಂದು ವಾಪಸು ಕಳುಹಿಸಿದ 11 ವರ್ಷದ ಹುಡುಗನೊಬ್ಬ ಕೆಲವೇ ದಿನಗಳಲ್ಲಿ ಹಸಿವು ಮತ್ತು ಚಳಿಯಿಂದ ಸತ್ತುಹೋದ. ಆಮೇಲೆ ಆಶ್ರಯಧಾಮದ ಬಾಗಿಲಿಗೆ ಫಲಕ ಬಂತು: ಯಾವ ನಿರ್ಗತಿಕ ಮಗುವಿಗೂ ಇಲ್ಲಿ ಪ್ರವೇಶ ನಿರಾಕರಿಸುವುದಿಲ್ಲ.

ಆ ಫಲಕದ ಹಿಂದಿದ್ದ ಸಂಕಟ ನಿಜವಾದದ್ದು. ಮುಂದೆ ಸುಮಾರು ನೂರು ವರ್ಷ ದಾನಧರ್ಮದ ಲೆಕ್ಕಾಚಾರ ನಡೆದದ್ದು ಅದೇ ಜಾಡಿನಲ್ಲಿ: ಈ ರಾತ್ರಿ ಮಗುವಿಗೆ ಮಲಗಲು ಜಾಗವಿದೆಯೇ? ಕಟ್ಟಡಗಳು ದೊಡ್ಡದಾದವು, ಹಾಸಿಗೆಗಳು ಹೆಚ್ಚಿದವು. ಆದರೆ ಈ ಮಗು ಯಾವ ಮನೆಯಿಂದ ಬಂತು, ಅಲ್ಲಿ ಏನಾಯಿತು ಎಂದು ವಿಚಾರಿಸುವವರು ಕಡಿಮೆ ಇದ್ದರು.

ಹಾಗೆ ವಿಚಾರಿಸದೆ ಮಾಡಿದ ಉಪಕಾರ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಅಮೆರಿಕದ ಅನಾಥ ರೈಲುಗಳೇ ಸಾಕ್ಷಿ. ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ 1853ರಲ್ಲಿ ಮಕ್ಕಳ ನೆರವಿನ ಸಂಘ ಕಟ್ಟಿದರು. ಸಾಮೂಹಿಕ ವಸತಿಗಿಂತ ಕುಟುಂಬವೇ ಲೇಸು ಎಂದು ಅವರು ನಂಬಿದ್ದರು, ಆ ನಂಬಿಕೆ ಸರಿಯಾಗಿಯೇ ಇತ್ತು. ಆದರೆ 1854ರಿಂದ 1929ರವರೆಗೆ ಸುಮಾರು 2 ಲಕ್ಷ ಮಕ್ಕಳನ್ನು ರೈಲು ಹತ್ತಿಸಿ ದೂರದ ಊರುಗಳಿಗೆ ಕಳುಹಿಸಲಾಯಿತು. ಅಲ್ಲಿ ಅವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು, ಬೇಕಾದವರು ಆರಿಸಿಕೊಂಡು ಹೋಗುತ್ತಿದ್ದರು. ಒಡಹುಟ್ಟಿದವರು ಬೇರೆಬೇರೆ ಮನೆಗಳ ಪಾಲಾದರು. ಕೆಲವರಿಗೆ ಅಕ್ಕರೆಯ ಮನೆ ಸಿಕ್ಕಿತು, ಕೆಲವರು ಹೊಲದ ಆಳುಗಳಾದರು. ಹೆಸರಿಗೆ ಅನಾಥರಾದರೂ ಅವರಲ್ಲಿ ಅನೇಕರ ತಂದೆಯೋ ತಾಯಿಯೋ ಬದುಕಿದ್ದರು.

ಬ್ರಿಟನ್ ಕೂಡ ಸುಮಾರು 1 ಲಕ್ಷ ಮಕ್ಕಳನ್ನು ಕೆನಡಾಕ್ಕೆ ಸಾಗಿಸಿತು, ಆಮೇಲೆ ಸಾವಿರಾರು ಮಕ್ಕಳನ್ನು ಆಸ್ಟ್ರೇಲಿಯಾಕ್ಕೆ. ಹೆತ್ತವರು ಬದುಕಿದ್ದರೂ ‘ಸತ್ತಿದ್ದಾರೆ’ ಎಂದು ಎಷ್ಟೋ ಮಕ್ಕಳಿಗೆ ಸುಳ್ಳು ಹೇಳಲಾಯಿತು. ಆಸ್ಟ್ರೇಲಿಯಾ ಸರ್ಕಾರ ಅದಕ್ಕಾಗಿ ಕ್ಷಮೆ ಕೇಳಿದ್ದು 2009ರಲ್ಲಿ, ಬ್ರಿಟನ್ ಕೇಳಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಆ ಮಕ್ಕಳ ತಲೆ ನರೆತಿತ್ತು, ಹಲವರ ತಾಯಂದಿರು ತೀರಿಹೋಗಿದ್ದರು.

ಮನಶ್ಶಾಸ್ತ್ರ ಬಾಯಿ ಬಿಟ್ಟದ್ದು ಎರಡನೆಯ ಮಹಾಯುದ್ಧದ ನಂತರ. ಅನ್ನ, ಬಟ್ಟೆ, ಔಷಧಿ ಎಲ್ಲ ಇದ್ದರೂ ಒಬ್ಬರ ನಿರಂತರ ಮಮತೆ ಸಿಗದಿದ್ದರೆ ಮಗು ಸೊರಗುತ್ತದೆ ಎಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟರು. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಉರುಳಿದಾಗ, ಅಲ್ಲಿನ ಅನಾಥಾಲಯಗಳಲ್ಲಿದ್ದ ಲಕ್ಷಕ್ಕೂ ಹೆಚ್ಚು ಮಕ್ಕಳ ಸ್ಥಿತಿ ಜಗತ್ತಿನ ಕಣ್ಣಿಗೆ ಬಿತ್ತು. ಬುಕಾರೆಸ್ಟ್‌ನಲ್ಲಿ ಸಂಶೋಧಕರು ಅಂಥ 136 ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ಸಾಕು ಕುಟುಂಬ ಸೇರಿದ ಮಕ್ಕಳು ಚೇತರಿಸಿಕೊಂಡರು. ಎಷ್ಟು ಎಳೆಯ ವಯಸ್ಸಿನಲ್ಲಿ ಸೇರಿದರೋ ಚೇತರಿಕೆ ಅಷ್ಟು ಚೆನ್ನಾಗಿತ್ತು.

ಬೀದಿಯಲ್ಲೇ ಬದುಕು ಕಟ್ಟಿಕೊಂಡ ದೊಡ್ಡ ಮಕ್ಕಳ ಕಥೆ ಬೇರೆ. ಅವರ ಮಾತಿಗೆ ಬೆಲೆಯಿದೆ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಬ್ರೆಜಿಲ್ ಕಾರ್ಯಕರ್ತರು ಮುಂದಿದ್ದರು. 1985ರಲ್ಲಿ ಅಲ್ಲಿ ಬೀದಿ ಹುಡುಗ ಹುಡುಗಿಯರ ರಾಷ್ಟ್ರೀಯ ಚಳವಳಿ ಹುಟ್ಟಿತು. ಶಿಕ್ಷಕರು ಮಕ್ಕಳಿದ್ದ ಬೀದಿಬದಿಗೇ ಹೋಗಿ ಕುಳಿತರು, ಮಕ್ಕಳು ಸಭೆಗಳಲ್ಲಿ ಎದ್ದು ನಿಂತು ಮಾತನಾಡಿದರು. 1990ರಲ್ಲಿ ಮಕ್ಕಳ ಹಕ್ಕಿನ ಹೊಸ ಕಾನೂನೂ ಬಂತು. ಹಾಗಿದ್ದೂ 1993ರ ಜುಲೈನಲ್ಲಿ ರಿಯೊ ನಗರದ ಕ್ಯಾಂಡೆಲಾರಿಯಾ ಚರ್ಚ್ ಬಳಿ ಮಲಗಿದ್ದ ಮಕ್ಕಳ ಮತ್ತು ಯುವಕರ ಮೇಲೆ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಲ್ಲಲಾಯಿತು. ಶಿಕ್ಷೆಯಾದವರಲ್ಲಿ ಪೊಲೀಸರಿದ್ದರು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ.

ಇಂದು ಒಳ್ಳೆಯ ಸಂಸ್ಥೆಯೊಂದರ ಕೆಲಸ ನಿಧಾನದ ಕೆಲಸ. ಕಾರ್ಯಕರ್ತೆ ಪ್ರತಿದಿನ ಅದೇ ಜಾಗಕ್ಕೆ ಹೋಗುತ್ತಾಳೆ. ಮಗು ಮೊದಲು ಹೇಳುವ ಹೆಸರು ಅದರ ನಿಜವಾದ ಹೆಸರಾಗಿರಬೇಕೆಂದಿಲ್ಲ. ಹಗಲು ಬಂದು ಸ್ನಾನ ಮಾಡಿ, ಊಟ ಮಾಡಿ, ಬೇಕೆನಿಸಿದಾಗ ಹೊರಡಬಹುದಾದ ಕೇಂದ್ರವಿದ್ದರೆ ನಂಬಿಕೆ ಬೇಗ ಕುದುರುತ್ತದೆ. ಮನೆಯ ಸುಳಿವು ಸಿಕ್ಕ ಮೇಲೆ ಯಾರು ಹೊಡೆಯುತ್ತಿದ್ದರು, ಯಾರ ಸಾಲ ಮನೆಯ ನೆಮ್ಮದಿ ಕೆಡಿಸಿತು, ಅಜ್ಜಿಯೋ ಸೋದರಮಾವನೋ ಕರೆದುಕೊಳ್ಳಬಲ್ಲರೇ ಎಂದು ವಿಚಾರಿಸಬೇಕಾಗುತ್ತದೆ. ಇದೊಂದನ್ನೂ ನೋಡದೆ ಮಗುವನ್ನು ಮನೆ ಬಾಗಿಲಲ್ಲಿ ಬಿಟ್ಟು ಬಂದರೆ ಅದು ಮತ್ತೆ ಓಡಿಹೋಗುತ್ತದೆ, ಎರಡನೆಯ ಸಲ ಇನ್ನೂ ದೂರಕ್ಕೆ. ದೌರ್ಜನ್ಯ ನಡೆದ ಮನೆಗೆ ಕಳುಹಿಸಲೇಬಾರದು. ಅಂಥ ಮಗುವಿಗೆ ಬಂಧುಗಳ ಮನೆ, ಸಾಕು ಕುಟುಂಬ, ಇಲ್ಲವೇ ಕೆಲವೇ ಮಕ್ಕಳಿರುವ ಪುಟ್ಟ ವಸತಿ ಬೇಕು.

ದಾನಿಗಳಿಗೆ ತೋರಿಸಲು ಇದರಲ್ಲಿ ಕಟ್ಟಡವಿಲ್ಲ. ಖರ್ಚೆಲ್ಲ ಬಸ್ ಟಿಕೆಟ್ಟಿಗೆ, ಆಪ್ತಸಮಾಲೋಚನೆಗೆ, ಮಗು ಮನೆ ಸೇರಿ ತಿಂಗಳುಗಳಾದ ಮೇಲೂ ಹೋಗಿ ನೋಡಿಬರುವ ಭೇಟಿಗಳಿಗೆ. ಹಣ ಮೊದಲು ಕಡಿತವಾಗುವುದೂ ಆ ಕೊನೆಯ ಬಾಬತ್ತಿನಲ್ಲೇ ಎಂಬುದು ನನ್ನನ್ನು ಕಾಡುತ್ತದೆ.

ಸಂಯುಕ್ತ ರಾಷ್ಟ್ರಗಳು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆ, ಮಗು ಕುಟುಂಬದ ವಾತಾವರಣದಲ್ಲಿ ಬೆಳೆಯಬೇಕೆಂದು ಸಾರಿತು. 2009ರ ಪರ್ಯಾಯ ಆರೈಕೆಯ ಮಾರ್ಗಸೂಚಿ ಇನ್ನೂ ಬಿಡಿಸಿ ಹೇಳಿತು: ಬಡತನವೊಂದನ್ನೇ ಕಾರಣ ಮಾಡಿಕೊಂಡು ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು. ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಟ್ಟಿಗೆ ಇರಿಸಬೇಕು. ಅದನ್ನು ಪಾಲಿಸುವ ಸಂಸ್ಥೆಯೊಂದು ಈಗ ತಾಯಿಯ ಬಾಕಿ ಬಾಡಿಗೆ ಕಟ್ಟುತ್ತದೆ, ಅಕ್ಕ ತಮ್ಮ ಇಬ್ಬರನ್ನೂ ಕರೆದುಕೊಳ್ಳಲು ಒಪ್ಪುವ ಮನೆ ಸಿಗುವವರೆಗೆ ಹುಡುಕುತ್ತದೆ.